ಕೊಳೆನೀರು ಕುಡಿನೀರಾದ ನಗರ

ಬಚ್ಚಲ ನೀರನ್ನು ಮರಳಿ ಕುಡಿಯಬೇಕೆಂದರೆ ನಾವು ಮುಖ ಸಿಂಡರಿಸುತ್ತೇವೆ. ಆದರೆ ಇಂದಿನ ನಮೀಬಿಯದ ರಾಜಧಾನಿಯಾದ ವಿಂಡ್‌ಹುಕ್ ನಗರವು 1968ರಲ್ಲಿಯೇ ಇಂಥ ನೀರನ್ನು ಶುದ್ಧಗೊಳಿಸಿ, ಬೇರೆ ನೀರಿನೊಡನೆ ಬೆರೆಸಿ ಮನೆಗಳಿಗೆ ಹಂಚತೊಡಗಿತು. ಅಲ್ಲಿ ಮಳೆ ವಿರಳ; ವರ್ಷವಿಡೀ ಹರಿಯುವ ನದಿಯು ನೂರಾರು ಕಿಲೋಮೀಟರುಗಳಾಚೆ ಇದೆ.

ಕೊಳೆಯೆಂಬುದು ನೀರಿನ ಗುಣವಲ್ಲ, ಅದರೊಡನೆ ಬೆರೆತ ವಸ್ತುಗಳದು. ಮೊದಲು ಸೂಕ್ಷ್ಮಜೀವಿಗಳು ಈ ಕಲ್ಮಷವನ್ನು ತಿಂದುಹಾಕುತ್ತವೆ. ಬಳಿಕ ಮರಳು ತೇಲುವ ಕಣಗಳನ್ನು ತಡೆಯುತ್ತದೆ. ಓಜೋನ್ ಅನಿಲವು ರೋಗಾಣುಗಳನ್ನು ಕೊಲ್ಲುತ್ತದೆ. ಇದ್ದಿಲು ಕರಗಿದ ಮಲಿನಗಳನ್ನು ಹೀರುತ್ತದೆ. ಅತಿ ಸಣ್ಣ ರಂಧ್ರಗಳುಳ್ಳ ಪೊರೆಯು ಉಳಿದುದನ್ನು ಸೋಸುತ್ತದೆ. ಕೊನೆಯ ಕಾವಲು ಕ್ಲೋರಿನ್ನಿನದು. ಒಂದು ತಡೆ ಸೋತರೂ ಮತ್ತೊಂದು ಕಾಯುತ್ತದೆ. 2002ರ ಹೊಸ ಸ್ಥಾವರಕ್ಕೆ ದಿನವೊಂದಕ್ಕೆ ಸುಮಾರು 2.1 ಕೋಟಿ ಲೀಟರು ನೀರನ್ನು ಹೀಗೆ ಶುದ್ಧಗೊಳಿಸುವ ಸಾಮರ್ಥ್ಯವುಂಟು.

ಕಾರ್ಖಾನೆಗಳ ಕೊಳೆನೀರನ್ನು ಅಲ್ಲಿ ಮನೆಗಳ ನೀರಿಗೆ ಸೇರಿಸದೆ ಬೇರೆಯಾಗಿಯೇ ಸಾಗಿಸುತ್ತಾರೆ. ಬಳಸಿದ ನೀರು ಮರಳಿ ಬೇಕೆನ್ನುವ ನಾವು, ಅದರಲ್ಲಿ ಏನನ್ನು ಚೆಲ್ಲುತ್ತಿದ್ದೇವೆಂಬುದನ್ನು ಮೊದಲೇ ಯೋಚಿಸಬೇಕು.