ಪಿಂಜಾರರ ಬಿಲ್ಲು ಮತ್ತು ಜಪಾನಿನ ಹಾಸಿಗೆ

ಕಲಬುರ್ಗಿಯ ಸ್ಟೇಶನ್ ಬಜಾರದ ಕಡೆ ಬೆಳೆದ ಹಿರಿಯ ಶ್ರೋತೃಗಳಿಗೆ ಪಿಂಜಾರರ ಬಿಲ್ಲಿನ ನಾದವನ್ನು ನಾವು ವರ್ಣಿಸಬೇಕಾಗಿಲ್ಲ. ಆಳೆತ್ತರದ ಬಿಲ್ಲನ್ನು ಹೆಗಲಿಗೇರಿಸಿ, ಹೆದೆಯನ್ನು ಮಿಡಿಯುತ್ತ ಅವರು ಓಣಿಯೊಳಕ್ಕೆ ಬರುತ್ತಿದ್ದರು; ಬೇರೆ ಕೂಗು ಬೇಕಿರಲಿಲ್ಲ. ಅವರಿಗಿರುವ ನದಾಫ ಎಂಬ ಹೆಸರು ಅರಬ್ಬೀ ಮೂಲದ್ದು. ಹತ್ತಿ ಹಿಂಜುವವನೆಂದೇ ಅದರ ಅರ್ಥ.

ಮನೆಯವರು ಗಾದಿಯ ಹೊಲಿಗೆಯನ್ನು ಬಿಚ್ಚಿ, ಮೈಭಾರಕ್ಕೆ ಸಿಕ್ಕು ಗಂಟುಗಟ್ಟಿದ ಅರಳೆಯನ್ನು ಅವರ ಮುಂದೆ ಸುರಿಯುವರು. ಕರುಳಿನಿಂದ ಹೊಸೆದ ಹೆದೆಯನ್ನು ಅರಳೆಗೆ ತಾಗಿಸಿ ಮರದ ಕೊಡತಿಯಿಂದ ಹೊಡೆದರೆ, ಆ ಕಂಪನಕ್ಕೆ ಎಳೆಗಳು ಬಿಡಿಬಿಡಿಯಾಗಿ ಹಾರುವುವು. ಧೂಳೂ ಕಸವೂ ಕೆಳಗುದುರುವುವು. ಎಳೆಗಳ ನಡುವೆ ಮತ್ತೆ ಗಾಳಿ ತುಂಬಿಕೊಳ್ಳುವುದೇ ಇಲ್ಲಿನ ಗುಟ್ಟು. ಬಳಿಕ ಅರಳೆಯನ್ನು ಗವಸಿಗೆ ತುಂಬಿ, ಕೋಲಿನಿಂದ ಬಡಿದು ಸಮಮಾಡಿ, ದಬ್ಬಣದಿಂದ ಅಲ್ಲಲ್ಲಿ ಬಿಗಿದರೆ ಹಳೆಯ ಗಾದಿ ಹೊಸತಾಯಿತು.

ಜಪಾನೀಯರ ಹಾಸಿಗೆಯಾದ ಫುಟೋನ್ ಸಹ ಇದೇ ಕುಲದ್ದು. ಹಗಲು ಅದನ್ನು ಮಡಿಸಿ ಗೋಡೆಯ ಬೀರುವಿನಲ್ಲಿಡುವುದು, ಆಗಾಗ ಬಿಸಿಲಿಗೆ ಹಾಕುವುದು ಅಲ್ಲಿನ ವಾಡಿಕೆ. ತುಂಬುವ ಬಗೆ ಮಾತ್ರ ಬೇರೆ. ಗವಸಿನ ಒಳಮಗ್ಗುಲನ್ನು ಹೊರಗೆಮಾಡಿ ಹಾಸಿ, ಅದರ ಮೇಲೆ ಅರಳೆಯ ಪದರಗಳನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಇಟ್ಟು, ಅಂಚುಗಳನ್ನು ಒಳಕ್ಕೆ ಮಡಿಸಿ, ಎಲ್ಲವನ್ನೂ ಕೂಡಿಸಿ ಒಳಹೊರಗು ಮಗುಚುವರು. ಕೈ ತಪ್ಪಿತೆಂದರೆ ಮೂಲೆಗಳು ಬರಿದಾಗುವುವು! ಹಳೆಯ ಅರಳೆಯನ್ನು ಮರಳಿ ಹಿಂಜುವುದನ್ನು ಅವರು ‘ಉಚಿನಾವೊಶಿ’ ಎನ್ನುವರು. ಬಡಿದು ಸರಿಪಡಿಸುವುದೆಂದು ಅರ್ಥ.

ಈ ನಂಟು ಕೇವಲ ಹೋಲಿಕೆಯದಲ್ಲ. 799ರಲ್ಲಿ ಸಣ್ಣ ದೋಣಿಯೊಂದರಲ್ಲಿ ಮಿಕಾವಾ ಸೀಮೆಯ ದಡ ಸೇರಿದ ಪರದೇಶಿಯೊಬ್ಬನು ಹತ್ತಿಯ ಬೀಜವನ್ನು ತಂದನೆಂದೂ, ತಾನು ‘ತೆಂಜಿಕು’, ಅಂದರೆ ಭಾರತದವನೆಂದು ಹೇಳಿಕೊಂಡನೆಂದೂ ಅಲ್ಲಿನ ಪ್ರಾಚೀನ ಇತಿಹಾಸಗ್ರಂಥದಲ್ಲಿದೆ. ಆ ಬೆಳೆ ಆಗ ನೆಲೆಯೂರಲಿಲ್ಲ. 1893ರಲ್ಲಿ ಮುಂಬಯಿಯಿಂದ ಕೋಬೆಗೆ ಜಪಾನಿನ ಹಡಗುಗಳ ಸಂಚಾರ ಮೊದಲಾಯಿತು. 1896ರಲ್ಲಿ ಜಪಾನು ಪರದೇಶದ ಹತ್ತಿಯ ಸುಂಕವನ್ನು ತೆಗೆಯಿತು. ನಮ್ಮ ದೇಶದ ಗಿಡ್ಡ ಎಳೆಯ ಒರಟು ಹತ್ತಿ ಅಲ್ಲಿನ ಹಾಸಿಗೆಗಳನ್ನು ಹೊಕ್ಕಿತು.

ನೂಲಿನ ಗಿರಣಿಗೆ ಉದ್ದನೆಯ ನಯವಾದ ಎಳೆಯೇ ಬೇಕು. ಹಾಸಿಗೆಗೆ ಅದು ಸಲ್ಲದು, ಬೇಗನೆ ಒತ್ತಿಹೋಗುತ್ತದೆ. ಗಿರಣಿಯು ಕೀಳೆಂದ ಜವಾರಿ ಹತ್ತಿಯೇ ಒತ್ತಿದಷ್ಟೂ ಪುಟಿದೇಳುವುದು. 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ಮೇಲೆ ಈ ಜವಾರಿ ಜಾತಿ ಹೊಲಗಳಿಂದ ಬಹುಮಟ್ಟಿಗೆ ಮರೆಯಾಗಿದೆ. ಬಿಲ್ಲಿನ ಕೆಲಸವನ್ನು ಯಂತ್ರ ವಹಿಸಿಕೊಂಡುದಕ್ಕೆ ನಮ್ಮ ತಕರಾರಿಲ್ಲ; ಹಿಂಜುವವರ ಎದೆಗೆ ಸೇರುತ್ತಿದ್ದ ಧೂಳನ್ನು ಕಂಡವರು ಯಂತ್ರವನ್ನು ಹಳಿಯಲಾರರು. ಆದರೆ ಯಂತ್ರಕ್ಕೂ ತಕ್ಕ ಅರಳೆ ಬೇಕಷ್ಟೆ. ಫೋಮಿನ ಹಾಸಿಗೆಯಾದರೋ ಒಮ್ಮೆ ಕುಸಿದರೆ ಹಿಂಜುವ ಮಾತೇ ಇಲ್ಲ.

ಮನೆಯಲ್ಲಿ ಅಜ್ಜಿಯ ಕಾಲದ ಗಾದಿಯುಳ್ಳವರು ಎಸೆಯುವ ಮುನ್ನ ಒಂದು ಮೂಲೆಯನ್ನು ಬಿಚ್ಚಿ ನೋಡಬೇಕು. ಹಿಡಿಯಷ್ಟು ಅರಳೆಯನ್ನು ಹಿಂಜಿ, ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಅದು ಮೇಲೆದ್ದರೆ, ಇನ್ನೊಂದು ಗಾದಿಗೆ ಅದೇ ಸಾಕು.