ಹಡಗು ನಿಂತಾಗ ಇಳಿಯಬೇಕೆ, ಬೇಡವೆ?

ಪೋತ್ನಾಳದ ಬಸ್ಸು ನಿಲ್ದಾಣದಲ್ಲಿ ಒಂದು ಗಳಿಗೆ ಕುಳಿತವರಿಗೆ ಮನುಷ್ಯಸ್ವಭಾವದ ಒಂದು ಪಾಠವು ಪುಕ್ಕಟೆಯಾಗಿ ದೊರೆಯುತ್ತದೆ. ರಾಯಚೂರಿನಿಂದ ಮಾನವಿಯ ಮೇಲೆ ಸಿಂಧನೂರಿಗೆ ಹೋಗುವ ಬಸ್ಸು ಬಂದು ನಿಲ್ಲುವುದು. "ಐದೇ ನಿಮಿಷ" ಎಂದು ಕಂಡಕ್ಟರನು ಕೂಗುವನು. ಒಬ್ಬನು ಚಹಕ್ಕೆ ಓಡುವನು. ಇನ್ನೊಬ್ಬನು ಇಳಿಯಲೋ ಬೇಡವೋ ಎಂದು ಮೆಟ್ಟಿಲ ಮೇಲೆಯೇ ನಿಂತು ಆ ಐದು ನಿಮಿಷಗಳನ್ನೂ ಕಳೆಯುವನು. ಮೂರನೆಯವನು ಕಿಟಕಿಯಿಂದಲೇ ಮಿರ್ಚಿಭಜಿ ತರಿಸಿಕೊಂಡು ಸುಖವಾಗಿರುವನು. ಚಹ ಕುಡಿದವನೂ ಭಜಿ ತಿಂದವನೂ ತೃಪ್ತರು. ಮೆಟ್ಟಿಲ ಮೇಲೆ ನಿಂತವನಿಗೆ ಮಾತ್ರ ಅದೂ ಇಲ್ಲ, ಇದೂ ಇಲ್ಲ.

ಈ ಸಣ್ಣ ಪ್ರಶ್ನೆಯೇ ಈಚೆಗೆ ದೊಡ್ಡ ವೇಷವನ್ನು ಧರಿಸಿ ನಮ್ಮ ಮನೆಗಳಿಗೆ ಬಂದಿದೆ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬಿನವರಿಗೆ ಸಮುದ್ರವು ದೂರದ ಮಾತು. ನಮ್ಮ ಹಿರಿಯರು ಕಂಡ ಹಡಗೆಂದರೆ ಹೊಳೆ ದಾಟಿಸುವ ಹರಿಗೋಲು. ಆದರೆ ಮಕ್ಕಳು ಬೆಂಗಳೂರು, ಪುಣೆ, ಪರದೇಶಗಳಲ್ಲಿ ನೆಲೆಸಿ ನಾಲ್ಕು ಕಾಸು ಕೂಡಿಸಿದ ಮೇಲೆ, ತಂದೆತಾಯಿಗಳನ್ನು ವಿಹಾರದ ಹಡಗಿಗೆ ಕಳುಹಿಸುವ ಪದ್ಧತಿಯು ಬಂದಿದೆ. 2021ರ ಸೆಪ್ಟೆಂಬರಿನಿಂದ ಮುಂಬಯಿಯ ಬಂದರಿನಿಂದಲೇ ಗೋವೆ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಇಂತಹ ಹಡಗಿನ ಸಂಚಾರವು ಮೊದಲಾಯಿತು. 1871ರಲ್ಲಿ ಮುಂಬಯಿಯ ಕಡೆಯ ರೈಲುಹಳಿಯೂ ಮದರಾಸಿನ ಕಡೆಯ ಹಳಿಯೂ ರಾಯಚೂರಿನಲ್ಲಿ ಒಂದುಗೂಡಿದ ಪುಣ್ಯದಿಂದ, ನಮ್ಮವರು ರಾತ್ರಿ ಗಾಡಿ ಹತ್ತಿದರೆ ಮರುದಿನ ಮುಂಬಯಿಯಲ್ಲಿರುತ್ತಾರೆ. ಹೋಗಿಬಂದವರೂ ಹೋಗಲಿರುವವರೂ ಒಂದೇ ಮಾತನ್ನು ನಮ್ಮೊಡನೆ ಚರ್ಚಿಸುತ್ತಾರೆ: ಹಡಗು ಒಂದು ಹಗಲಿನ ಮಟ್ಟಿಗೆ ಬಂದರಿನಲ್ಲಿ ನಿಂತಾಗ ಇಳಿದು ಊರು ನೋಡಬೇಕೆ, ಹಡಗಿನಲ್ಲಿಯೇ ಇರಬೇಕೆ?

ಹಣ ಕೊಟ್ಟಿರುವಾಗ ಇಳಿಯದೆ ಇರುವುದುಂಟೆ ಎಂದು ತರುಣರು ಕೇಳುವರು. ಪ್ರಶ್ನೆಯು ಅಷ್ಟು ಹಗುರವಾದುದಲ್ಲ. ಮೊದಲು ಹೊತ್ತಿನ ಲೆಕ್ಕವನ್ನು ನೋಡೋಣ.

ನಮ್ಮ ನಾಡಿನದೇ ಆದ ನವಮಂಗಳೂರು ಬಂದರನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಪಣಂಬೂರಿನಲ್ಲಿರುವ ಈ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮಳೆಗಾಲ ಕಳೆದ ಮೇಲೆ ವಿದೇಶದ ವಿಹಾರನೌಕೆಗಳು ಇಲ್ಲಿಗೆ ಬಂದು ಒಂದು ಹಗಲು ನಿಂತು ಹೋಗುತ್ತವೆ. ಬೆಳಿಗ್ಗೆ 7 ಗಂಟೆಗೆ ಬಂದು ಸಂಜೆ 5ಕ್ಕೆ ಹೊರಡುವುದೆಂದು ಪತ್ರಿಕೆಯಲ್ಲಿ ಅಚ್ಚಾಗಿದೆಯೆಂದಿಟ್ಟುಕೊಳ್ಳಿರಿ. ಪ್ರಯಾಣಿಕನು ಹತ್ತು ಗಂಟೆ ತನ್ನದೆಂದು ಹಿಗ್ಗುವನು. ಆದರೆ ಹಡಗನ್ನು ದಕ್ಕೆಗೆ ಕಟ್ಟಿ, ಅಧಿಕಾರಿಗಳು ಕಾಗದಪತ್ರಗಳನ್ನು ನೋಡಿ, ಸಾಲು ಕರಗಿ ಕೆಳಗಿಳಿಯುವಷ್ಟರಲ್ಲಿ ಒಂದು ಗಂಟೆ ಹೋಯಿತು. ಹೊರಡುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚಿತವಾಗಿ ಎಲ್ಲರೂ ಮೇಲೆ ಬಂದಿರಬೇಕೆಂಬ ನಿಯಮವಿರುವುದರಿಂದ ಇನ್ನೊಂದು ಗಂಟೆ ಹೋಯಿತು. ದಾರಿಯಲ್ಲಿ ಗಾಲಿ ಒಡೆಯಬಹುದು, ಮೆರವಣಿಗೆ ಅಡ್ಡಬರಬಹುದು. ಇದಕ್ಕಾಗಿ ಬೇರೊಂದು ಗಂಟೆಯನ್ನು ಜಾಣನಾದವನು ತೆಗೆದಿಡಬೇಕು. ಉಳಿದುದು ಏಳು ಗಂಟೆ.

ಈ ಏಳು ಗಂಟೆಗಳಲ್ಲಿ ಕಾರ್ಕಳದ ಗೊಮ್ಮಟನನ್ನು ನೋಡಬೇಕೆಂದು ಹೊರಟರೆ, ಹೋಗಿಬರುವ ದಾರಿಯೇ ನೂರು ಕಿಲೋಮೀಟರಿನಷ್ಟಾಗುವುದು. ನಡುವೆ ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯಿದೆ. ಕಾರ್ಕಳದ ಬಂಡೆಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ ಬಾಹುಬಲಿಯ ಮೂರ್ತಿಯಿದೆ. ಎರಡೂ ಕಣ್ತುಂಬ ನೋಡತಕ್ಕವು. ಆದರೆ ರಸ್ತೆಗೂ ಊಟಕ್ಕೂ ಹೋದುದನ್ನು ಕಳೆದರೆ ಒಂದೊಂದಕ್ಕೆ ಒಂದು ಒಂದೂವರೆ ಗಂಟೆ ಉಳಿದೀತು. ಹಾಗಲ್ಲದೆ ಮಂಗಳೂರು ನಗರದಲ್ಲಿಯೇ ಇದ್ದವನಿಗೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ 968ನೆಯ ಇಸವಿಯ ಲೋಕೇಶ್ವರನ ಕಂಚಿನ ವಿಗ್ರಹವಿರುವ ಕದ್ರಿಯ ದೇವಾಲಯವೂ, ಇಟಲಿಯ ಚಿತ್ರಕಾರ ಆಂಟೋನಿಯೊ ಮೊಸ್ಕೇನಿಯು 19ನೆಯ ಶತಮಾನದ ಕೊನೆಯಲ್ಲಿ ಗೋಡೆ ಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವೂ ದೊರೆಯುವುವು. ಎರಡನ್ನೂ ಒಂದೇ ದಿನ ಮಾಡುತ್ತೇನೆಂಬವನು ಒಂದನ್ನೂ ನೋಡುವುದಿಲ್ಲ, ಗಡಿಯಾರವನ್ನೇ ನೋಡುತ್ತಾನೆ.

ತಡವಾದರೆ ಏನಾಗುವುದೆಂಬುದಕ್ಕೆ ಮಹಾತ್ಮ ಗಾಂಧಿಯವರ ಆತ್ಮಕಥೆಯಲ್ಲಿಯೇ ಒಂದು ಪ್ರಸಂಗವಿದೆ. 1893ರಲ್ಲಿ, ಇನ್ನೂ ತರುಣ ಬ್ಯಾರಿಸ್ಟರರಾಗಿದ್ದ ಅವರು ಮುಂಬಯಿಯಿಂದ ದಕ್ಷಿಣ ಆಫ್ರಿಕಕ್ಕೆ ಹೋಗುತ್ತಿದ್ದಾಗ, ಹಡಗು ಆಫ್ರಿಕದ ಪೂರ್ವತೀರದ ಲಾಮು ಎಂಬ ರೇವಿನಲ್ಲಿ ಮೂರು ನಾಲ್ಕು ಗಂಟೆ ನಿಂತಿತು. ಇಲ್ಲಿಯ ನೀರು ನಂಬತಕ್ಕುದಲ್ಲ, ಬೇಗ ಹಿಂದಿರುಗಿರಿ ಎಂದು ಕಪ್ತಾನನು ಎಚ್ಚರಿಸಿದ್ದನು. ಗಾಂಧಿಯವರು ಇಳಿದು, ಅಂಚೆಕಚೇರಿಯಲ್ಲಿ ಭಾರತೀಯ ಗುಮಾಸ್ತರನ್ನು ಕಂಡು ಸಂತೋಷಪಟ್ಟು ಮಾತನಾಡಿದರು. ದಡದಲ್ಲಿ ಅಡಿಗೆ ಮಾಡಿಕೊಂಡು ನೆಮ್ಮದಿಯಾಗಿ ಉಣ್ಣಬೇಕೆಂದು ಇಳಿದಿದ್ದ ಕೆಲವು ಸಹಪ್ರಯಾಣಿಕರೊಡನೆ ಒಂದೇ ದೋಣಿಯಲ್ಲಿ ಹಿಂದಿರುಗಿದರು. ದೋಣಿಯಲ್ಲಿ ಭಾರ ಹೆಚ್ಚಾಗಿತ್ತು. ಉಬ್ಬರದ ಸೆಳೆತ ಬಲವಾಗಿತ್ತು. ದೋಣಿಯು ಹಡಗಿನ ಏಣಿಯನ್ನು ಮುಟ್ಟುವುದು, ಪ್ರವಾಹವು ಅದನ್ನು ದೂರಕ್ಕೆ ಎಳೆಯುವುದು. ಹೊರಡುವ ಮೊದಲನೆಯ ಸಿಳ್ಳು ಆಗಿಹೋಗಿತ್ತು. ಕಪ್ತಾನನು ಐದು ನಿಮಿಷ ಹೆಚ್ಚಾಗಿ ಹಡಗನ್ನು ನಿಲ್ಲಿಸಿದನು. ಒಬ್ಬ ಸ್ನೇಹಿತನು ಹತ್ತು ರೂಪಾಯಿಗೆ ಬೇರೆ ದೋಣಿಯನ್ನು ಗೊತ್ತುಮಾಡಿದನು. ಅಷ್ಟರಲ್ಲಿ ಏಣಿಯನ್ನು ಎತ್ತಿಬಿಟ್ಟಿದ್ದರು. ಗಾಂಧಿಯವರನ್ನು ಹಗ್ಗದಿಂದ ಮೇಲಕ್ಕೆ ಸೆಳೆದುಕೊಂಡರು. ಉಳಿದವರು ಹಿಂದೆಯೇ ಉಳಿದುಬಿಟ್ಟರು. ಅನ್ನವನ್ನು ನೆಮ್ಮದಿಯಾಗಿ ಉಂಡು ಬರೋಣವೆಂದು ಇಳಿದ ಆ ಬಡ ಪ್ರಯಾಣಿಕರ ಗತಿಯನ್ನು ನೆನೆದರೆ ನಮಗೆ ಇಂದಿಗೂ ವ್ಯಥೆಯಾಗುತ್ತದೆ.

ಇಂದಿನ ಹಡಗುಗಳೂ ಸ್ವಂತವಾಗಿ ತಿರುಗಲು ಹೋದವನಿಗಾಗಿ ಕಾಯುವುದಿಲ್ಲ. ಹಡಗಿನವರೇ ಏರ್ಪಡಿಸಿದ ತಿರುಗಾಟದಲ್ಲಿ ಹೋದವರು ತಡವಾಗಿ ಬಂದರೆ ಸಾಧಾರಣವಾಗಿ ಅವರ ಜವಾಬ್ದಾರಿಯನ್ನು ಹಡಗಿನವರೇ ವಹಿಸುತ್ತಾರೆ; ಅದಕ್ಕೆ ಹಣವು ಹೆಚ್ಚು. ಸ್ವಂತ ಬಾಡಿಗೆ ಮೋಟಾರಿನಲ್ಲಿ ಹೋಗುವುದು ಅಗ್ಗ, ಆದರೆ ತಪ್ಪಿದರೆ ಮುಂದಿನ ಬಂದರಿನವರೆಗಿನ ಖರ್ಚು ನಮ್ಮದೇ. ದೂರದ ಸ್ಥಳಕ್ಕೆ ಮೊದಲನೆಯದು, ಹತ್ತಿರದ ಸ್ಥಳಕ್ಕೆ ಎರಡನೆಯದು ಎಂಬುದು ನಾವು ಕಂಡುಕೊಂಡ ಸೂತ್ರ.

ಹಡಗು ನಿಲ್ಲುವ ರೀತಿಯನ್ನೂ ವಿಚಾರಿಸಬೇಕು. ಮಂಗಳೂರು, ಕೊಚ್ಚಿಗಳಂತಹ ಬಂದರುಗಳಲ್ಲಿ ಅದು ದಕ್ಕೆಗೆ ತಾಗಿ ನಿಲ್ಲುವುದರಿಂದ ಸೇತುವೆಯ ಮೇಲೆ ನಡೆದು ಇಳಿಯಬಹುದು. ಲಕ್ಷದ್ವೀಪದಲ್ಲಿ ಹಾಗಲ್ಲ. ಹವಳದ ದಿಬ್ಬಗಳೊಳಗಿನ ನೀರು ಆಳವಿಲ್ಲದ್ದರಿಂದ ದೊಡ್ಡ ಹಡಗು ಹೊರಗೇ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಸಾಗಿಸುತ್ತಾರೆ. ರಾಯಚೂರಿನ ಬಳಿ ಕೃಷ್ಣೆಯ ನಡುಗಡ್ಡೆಯಾದ ಕುರುವಪುರಕ್ಕೆ ಹರಿಗೋಲಿನಲ್ಲಿ ದಾಟಿದವರಿಗೆ ಈ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಹೋಗುವಾಗ ದತ್ತಾತ್ರೇಯನ ಸ್ಮರಣೆ, ಬರುವಾಗ ಕಡೆಯ ದೋಣಿಯ ಸ್ಮರಣೆ! ಅಲೆಯ ಮೇಲೆ ಏಳುತ್ತ ಬೀಳುತ್ತ ಇರುವ ದೋಣಿಗೆ ಕಾಲಿಡುವುದು ಮೊಣಕಾಲು ಗಟ್ಟಿಯಿದ್ದವರ ಕೆಲಸ. ಗಾಳಿ ಹೆಚ್ಚಾದರೆ ಇಳಿಯುವ ಕಾರ್ಯಕ್ರಮವೇ ರದ್ದಾಗುವುದೂ ಉಂಟು.

ಇನ್ನು ನಮ್ಮ ಮನೆಯ ಮಾತು. ನಾವು ಹೋದಾಗ ಜೊತೆಯಲ್ಲಿ ನಮ್ಮ ಅಕ್ಕನವರೂ, ಮಗ ಸೊಸೆಯರೂ, ಇಬ್ಬರು ಮೊಮ್ಮಕ್ಕಳೂ ಇದ್ದರು. ಅಕ್ಕನವರು ಎಪ್ಪತ್ತು ದಾಟಿದವರು. ಆಯುಷ್ಯವನ್ನೆಲ್ಲ ಹೊಲಮನೆಗಳಲ್ಲಿಯೇ ಕಳೆದವರು. ಅವರು ಅದುವರೆಗೆ ಕಂಡ ದೊಡ್ಡ ನೀರೆಂದರೆ ತುಂಗಭದ್ರೆಯ ಅಣೆಕಟ್ಟಿನದು. ಮೊಣಕಾಲಿನ ನೋವು ಬೇರೆ. ಕೊಚ್ಚಿಯನ್ನು ತಲುಪುವ ಹಿಂದಿನ ರಾತ್ರಿ ಊಟದ ಮೇಜಿನಲ್ಲಿ ಚರ್ಚೆಯು ನಡೆಯಿತು. ಮಗನು ಪಟ್ಟಿಯನ್ನು ಬರೆದುಕೊಂಡಿದ್ದನು: 1503ರಲ್ಲಿ ಹುಟ್ಟಿದ, ವಾಸ್ಕೊ ಡ ಗಾಮನನ್ನು ಮೊದಲು ಹೂಳಿದ ಇಗರ್ಜಿ, ಪೋರ್ತುಗೀಸರು ಕಟ್ಟಿಸಿಕೊಟ್ಟ ಮಟ್ಟಂಚೇರಿಯ ಅರಮನೆ, 1568ರ ಯೆಹೂದ್ಯರ ಮಂದಿರ, ಸಂಬಾರದ ಅಂಗಡಿಗಳು. ಅತ್ತೆಯವರನ್ನು ಹಡಗಿನಲ್ಲಿಯೇ ಬಿಡೋಣ, ಅವರಿಗೆ ತ್ರಾಸವೇಕೆ ಎಂದು ಎಲ್ಲರೂ ಒಪ್ಪಿದೆವು. ಅವರ ಹಿತಕ್ಕಾಗಿಯೇ ಒಪ್ಪಿದೆವು. ಅವರನ್ನು ಮಾತ್ರ ಕೇಳಲಿಲ್ಲ.

ಬೆಳಿಗ್ಗೆ ನಾವು ಕೆರ ಮೆಟ್ಟುತ್ತಿದ್ದಾಗ ಅಕ್ಕನವರು ಮೆಲ್ಲಗೆ, "ತಮ್ಮಾ, ಎರಡು ದಿನದಿಂದ ಸಮುದ್ರ ನೋಡಾಕತ್ತೀನಿ. ಕೈಗೆ ಹತ್ತಲಿಲ್ಲ. ಒಂದು ಸಲ ಮುಟ್ಟಿದ್ದರ ಸಾಕಿತ್ತು" ಎಂದರು. ಹಡಗಿನ ಆ ಎತ್ತರದಲ್ಲಿ ಸಮುದ್ರವು ಗೋಡೆಗೆ ಬರೆದ ಚಿತ್ರದಂತಿರುವುದೆಂದು ನಮಗೆ ಆಗ ಹೊಳೆಯಿತು. ಸಮುದ್ರಯಾತ್ರೆಗೆ ಕರೆತಂದು ಸಮುದ್ರವನ್ನೇ ಮುಟ್ಟಿಸದೆ ಕರೆದೊಯ್ಯುವವರಿದ್ದೆವು!

ಪಟ್ಟಿಯು ಹರಿದುಹೋಯಿತು. ಮೋಟಾರಿನಲ್ಲಿ ನೇರವಾಗಿ ಕೋಟೆಕೊಚ್ಚಿಯ ದಂಡೆಗೆ ಹೋದೆವು. ಅಲ್ಲಿ ಐದಾರು ಮಂದಿ ಸೇರಿ ಹಗ್ಗ ಜಗ್ಗಿ, ಕಲ್ಲುಗಳ ಎದುರುಭಾರದಿಂದ ಏಳಿಸುವ ದೊಡ್ಡ ಚೀನೀಬಲೆಗಳು ನಮ್ಮೂರ ಬಾವಿಯ ಏತವನ್ನು ನೆನಪಿಗೆ ತಂದವು. ಮೊಮ್ಮಕ್ಕಳಿಬ್ಬರ ಹೆಗಲನ್ನು ಹಿಡಿದು ಅಕ್ಕನವರು ಮರಳಿನ ಮೇಲೆ ನಡೆದರು. ಅಲೆ ಬಂದು ಪಾದವನ್ನು ತೋಯಿಸಿ, ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನು ಎಳೆದುಕೊಂಡಾಗ ಒಮ್ಮೆ ಚೀರಿ, ಆಮೇಲೆ ಹುಡುಗಿಯಂತೆ ನಕ್ಕರು. ಬೊಗಸೆಯಲ್ಲಿ ನೀರೆತ್ತಿ ಸೂರ್ಯನಿಗೆ ಬಿಟ್ಟರು. ಒಂದು ಹನಿಯನ್ನು ನಾಲಗೆಗೆ ಹಚ್ಚಿ, ಉಪ್ಪೆಂಬುದು ನಿಜವೆಂದು ಎಲ್ಲರಿಗೂ ಸಾರಿದರು. ಅರ್ಧ ಗಂಟೆಯಲ್ಲಿ ಅವರ ಕೊಚ್ಚಿಯು ಮುಗಿಯಿತು. ಹೊತ್ತು ಉಳಿದುದರಿಂದ ಸಮೀಪದ ಇಗರ್ಜಿಯನ್ನು ನೋಡಿದೆವು. ಯೆಹೂದ್ಯರ ಮಂದಿರವನ್ನು ಬಿಟ್ಟೆವು. ಅಂದು ಶನಿವಾರ, ಆ ದಿನ ಮಂದಿರವು ಹೇಗಿದ್ದರೂ ಮುಚ್ಚಿರುತ್ತದೆಂದು ಆಮೇಲೆ ತಿಳಿಯಿತು. ಹಿಂದಿನ ರಾತ್ರಿ ಪಟ್ಟಿ ಬರೆಯುವಾಗ ವಾರವನ್ನು ನೋಡಿದವರಿರಲಿಲ್ಲ.

ಮುಂದೆ ಲಕ್ಷದ್ವೀಪದ ಎದುರು ಹಡಗು ನಿಂತಾಗ ದೋಣಿಯ ಕುಣಿತವನ್ನು ನೋಡಿ ಅಕ್ಕನವರು ತಾವಾಗಿಯೇ, "ನೀವು ಹೋಗಿ ಬರ್ರಿ, ನಂದು ಆತು" ಎಂದರು. ನಾವೂ ಅವರೊಡನೆ ಉಳಿದೆವು. ಇಳಿದವರೆಲ್ಲ ಇಳಿದ ಮೇಲೆ ಹಡಗಿನಲ್ಲಿ ಎಂತಹ ನೆಮ್ಮದಿ! ಊಟದ ಮನೆಯಲ್ಲಿ ಸಾಲಿಲ್ಲ, ಮೇಲಂತಸ್ತಿನಲ್ಲಿ ಗದ್ದಲವಿಲ್ಲ. ಹವಳದ ದಿಬ್ಬದ ಒಳಗೆ ಹಸುರು, ಹೊರಗೆ ಕಡುನೀಲಿ, ಹೀಗೆ ನೀರಿಗೆ ಎರಡು ಬಣ್ಣವಿರುವುದನ್ನು ಇಬ್ಬರೂ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ನೋಡಿದೆವು. ಬಾಲ್ಯದ ಎಷ್ಟೋ ಮಾತುಗಳು ಬಂದವು. ಇಳಿಯದೆ ಕಳೆದ ಆ ದಿನವು ನಷ್ಟವಾಯಿತೆಂದು ನಮಗೆ ಇಂದಿಗೂ ಅನಿಸಿಲ್ಲ.

ಇಳಿಯಲೆಂದು ನಿಶ್ಚಯಿಸಿದ ಗೃಹಸ್ಥರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಹಡಗಿನ ಗುರುತಿನ ಚೀಟಿ, ಸರ್ಕಾರದ ಗುರುತಿನ ಪತ್ರ, ಒಂದು ದಿನಕ್ಕಾಗುವಷ್ಟು ಔಷಧ, ಸ್ವಲ್ಪ ಹಣ, ಇವು ಮೈಮೇಲೆಯೇ ಇರಲಿ. ಬಂದರಿನಲ್ಲಿ ಹಡಗಿನ ಪರವಾಗಿರುವ ಏಜೆಂಟರ ಫೋನ್ ನಂಬರನ್ನು ಕಾಗದದ ಮೇಲೆ ಬರೆದಿಡಿರಿ. ಮೊಬೈಲು ಸತ್ತರೆ ಕಾಗದವು ಸಾಯುವುದಿಲ್ಲ. ಹಡಗು ತಪ್ಪಿದರೆ ಮೊದಲು ಸಂಧಿಸಬೇಕಾದವರು ಅವರೇ. ಲಕ್ಷದ್ವೀಪಕ್ಕೆ ಪ್ರವೇಶದ ಪರವಾನಗಿ ಬೇಕು; ಪರದೇಶದ ಬಂದರಾದರೆ ಆ ದೇಶದ ಅನುಮತಿಯನ್ನು ಮನೆಯಿಂದ ಹೊರಡುವ ಮೊದಲೇ ವಿಚಾರಿಸಬೇಕು. ಗಡಿಯಾರದ ವಿಷಯದಲ್ಲಿಯೂ ಎಚ್ಚರ ಬೇಕು. ಕೊಲಂಬೊದ ಹೊತ್ತು ನಮ್ಮದೇ. ಮಾಲ್ದೀವಿನದು ನಮಗಿಂತ ಅರ್ಧ ಗಂಟೆ ಹಿಂದೆ. ಸಿಂಗಪುರದದು ಎರಡೂವರೆ ಗಂಟೆ ಮುಂದೆ. ಹಡಗು ಕೆಲವು ಸಲ ದಡದ ಹೊತ್ತನ್ನು ಬಿಟ್ಟು ತನ್ನದೇ ಹೊತ್ತನ್ನು ಅನುಸರಿಸುವುದು. ಹೊರಡುವುದು ಹಡಗಾದುದರಿಂದ ಹಡಗಿನ ಗಡಿಯಾರವೇ ಪ್ರಮಾಣ.

ಕೊನೆಯದಾಗಿ ಒಂದು ವಿಜ್ಞಾಪನೆ. ಇಳಿಯುವ ಬಿಡುವ ನಿರ್ಣಯವನ್ನು ಬೆಳಿಗ್ಗೆ ಬಾಗಿಲಿನಲ್ಲಿ ನಿಂತು ಮಾಡಬೇಡಿರಿ. ಹಿಂದಿನ ರಾತ್ರಿಯೇ ಮನೆಯವರೆಲ್ಲ ಕುಳಿತು ಮಾಡಿರಿ. ಊರಿನಲ್ಲಿ ಏನೇನಿದೆಯೆಂಬ ಪಟ್ಟಿಯಿಂದ ಆರಂಭಿಸದೆ, ನಿನಗೆ ಬೇಕಾದುದು ಯಾವುದೊಂದು ಎಂದು ಪ್ರತಿಯೊಬ್ಬರನ್ನೂ ಕೇಳಿರಿ. ಆ ಒಂದು ಸಂಗತಿಯು ನಿಜವಾದ ಲೆಕ್ಕದ ಗಂಟೆಗಳಲ್ಲಿ ಹಿಡಿಸಿದರೆ ಇಳಿಯಿರಿ. ಹಿಡಿಸದಿದ್ದರೆ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿರಿ. ಮತ್ತು ಕೇಳುವಾಗ ಮನೆಯ ಹಿರಿಯರಿಂದ ಆರಂಭಿಸಿರಿ. ಅವರು ಬೇಡವೆಂದೇ ಹೇಳುವರೆಂದು ನಾವು ಎಣಿಸಿರುತ್ತೇವೆ. ನಮ್ಮ ಅಕ್ಕನವರ ವಿಷಯದಲ್ಲಿ ಆ ಎಣಿಕೆಯು ತಪ್ಪಾಗಿತ್ತು.