ಒಲೆಯ ಹೊಗೆಯೂ ಶ್ವಾಸಕೋಶದ ರೋಗಗಳೂ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲಾ ಕಾವೇರಿಯರ ನೀರಿನಿಂದ ಬತ್ತ, ಕಬ್ಬು, ಹಿಪ್ಪುನೇರಳೆಗಳನ್ನು ಬೆಳೆಯುವ ಸೀಮೆ. ಇಲ್ಲಿ ಪೈರಿಗೆ ರೋಗ ತಗುಲಿದರೆ ಜಮೀನುದಾರರು ಆ ದಿನವೇ ಔಷಧವನ್ನು ವಿಚಾರಿಸುತ್ತಾರೆ. ಎತ್ತು ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಸುತ್ತಾರೆ. ಆದರೆ ಮನೆಯ ಗೃಹಿಣಿಯು ವರ್ಷಗಟ್ಟಲೆ ಕೆಮ್ಮುತ್ತಿದ್ದರೆ, ಅದು ವಯಸ್ಸಿನ ಧರ್ಮವೆಂದು ಸುಮ್ಮನಿರುವುದುಂಟು. ಈ ಉದಾಸೀನವು ತರವಲ್ಲ. ಬೀಡಿಯನ್ನು ಮುಟ್ಟಿಯೂ ಅರಿಯದ ಆಕೆಯ ಶ್ವಾಸಕೋಶವನ್ನು ಕೆಡಿಸುತ್ತಿರುವುದು ಅನೇಕ ವೇಳೆ ಒಲೆಯ ಹೊಗೆಯೇ ಆಗಿರುತ್ತದೆ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಮತ್ತು ನಂಜನಗೂಡು ತಾಲ್ಲೂಕುಗಳ ಗ್ರಾಮಗಳಲ್ಲಿ ಮನೆಮನೆಗೂ ಹೋಗಿ ಈ ವಿಷಯವನ್ನು ಪರಿಶೀಲಿಸಿದರು. ಸೌದೆ ಬೆರಣಿಗಳಿಂದ ಅಡಿಗೆ ಮಾಡುವ, 30 ವರ್ಷ ಮೀರಿದ ಸ್ತ್ರೀಯರನ್ನು ವಿಚಾರಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇರುವರೋ ಆ ಸಂಖ್ಯೆಯನ್ನು, ಹಾಗೆ ಕಳೆದ ವರ್ಷಗಳ ಸಂಖ್ಯೆಯಿಂದ ಗುಣಿಸಬೇಕು. ಈ ಗುಣಲಬ್ಧವು 60ನ್ನು ಮುಟ್ಟಿದವರಲ್ಲಿ ಶ್ವಾಸನಾಳಗಳ ದೀರ್ಘಕಾಲದ ಉರಿಯೂತದ ಅಪಾಯವು ಸ್ಪಷ್ಟವಾಗಿ ಹೆಚ್ಚುವುದೆಂದು ಕಂಡುಬಂದಿತು.

ಈ ಲೆಕ್ಕವನ್ನು ಪ್ರತಿಯೊಬ್ಬ ಯಜಮಾನನೂ ತನ್ನ ಮನೆಯಲ್ಲಿಯೇ ಹಾಕಿ ನೋಡಬಹುದು. 18ನೆಯ ವಯಸ್ಸಿನಲ್ಲಿ ಒಲೆಯ ಮುಂದೆ ಕುಳಿತ ಹೆಣ್ಣುಮಗಳು ದಿನಕ್ಕೆ 3 ಗಂಟೆಯಂತೆ ಅಡಿಗೆ ಮಾಡಿದರೆ 38ನೆಯ ವಯಸ್ಸಿಗೆ 60 ಆಗುತ್ತದೆ; 4 ಗಂಟೆಯಾದರೆ 33ಕ್ಕೇ ಆಗುತ್ತದೆ. ಅದು ಮುಪ್ಪಿನ ವಯಸ್ಸಲ್ಲ. 60ಕ್ಕಿಂತ ಕಡಮೆಯಾದರೆ ಭಯವಿಲ್ಲವೆಂದೂ ಭಾವಿಸಬಾರದು. ಹೊಗೆಯು ಯಾವ ಪ್ರಮಾಣದಲ್ಲಿಯೂ ಹಿತಕರವಲ್ಲ.

ಶ್ವಾಸನಾಳಗಳ ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿದ್ದು, ಅವು ಕಸವನ್ನೂ ಕಫವನ್ನೂ ಮೇಲಕ್ಕೆ ದೂಡುತ್ತಿರುತ್ತವೆ. ಹೊಗೆಯು ಅವುಗಳ ಶಕ್ತಿಯನ್ನು ಕುಂದಿಸುತ್ತದೆ. ಆಗ ಕಫವು ನಿಲ್ಲುತ್ತದೆ, ನಾಳಗಳು ಊದಿ ಕಿರಿದಾಗುತ್ತವೆ. ಒಮ್ಮೆ ನಷ್ಟವಾದ ಶ್ವಾಸಶಕ್ತಿಯು ಪೂರ್ಣವಾಗಿ ಮರಳಿ ಬಾರದು. ಆದರೆ ಹೊಗೆಯನ್ನು ತಪ್ಪಿಸಿ ಚಿಕಿತ್ಸೆ ಪಡೆದರೆ ಮುಂದಿನ ಹಾನಿಯನ್ನು ಬಹಳಮಟ್ಟಿಗೆ ತಡೆಯಬಹುದು.

ಕೆಮ್ಮುಗಳೆಲ್ಲವೂ ಒಂದೇ ಅಲ್ಲ. ವರ್ಷದಲ್ಲಿ 3 ತಿಂಗಳಂತೆ, ಎರಡು ವರ್ಷ ಬಿಡದೆ ಕಫದೊಡನೆ ಬರುವುದು ದೀರ್ಘಕಾಲದ ಉರಿಯೂತದ ಲಕ್ಷಣ. ಸಿಳ್ಳಿನಂತಹ ಶಬ್ದದೊಡನೆ ಉಸಿರು ಕಟ್ಟಿ, ಕೆಲಕಾಲದ ಮೇಲೆ ಸಡಿಲವಾಗುವುದು ಸಾಮಾನ್ಯವಾಗಿ ಉಬ್ಬಸ. ಕಣದ ಧೂಳಿನಿಂದಲೂ ಬೂಷ್ಟು ಹಿಡಿದ ಹುಲ್ಲಿನಿಂದಲೂ ಇದು ಕೆರಳುವುದುಂಟು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ, ಕಫದಲ್ಲಿ ರಕ್ತ ಇವು ಕ್ಷಯದ ಸೂಚನೆಗಳಾಗಿರಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳ ಮೂಲಕ ಕಫದ ಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುತ್ತವೆ. ಮಾತು ಮುಗಿಸಲಾರದಷ್ಟು ಏದುಸಿರು ಬಂದರೆ, ತುಟಿ ಉಗುರುಗಳು ನೀಲಿಯಾದರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರು ಇನ್ಹೇಲರ್ ಕೊಟ್ಟಾಗ, ಅದು ಚಟವಾಗುವುದೆಂಬ ಭಯದಿಂದ ಬಿಡುವವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ. ಔಷಧವು ನೇರವಾಗಿ ಶ್ವಾಸನಾಳಕ್ಕೆ ಸೇರುವುದರಿಂದ ಅಲ್ಪ ಪ್ರಮಾಣವೇ ಸಾಕಾಗುತ್ತದೆ.

ಗ್ರಾಮದ ಮುಖಂಡರು ಆಚರಣೆಗೆ ತರಬಹುದಾದ ಕ್ರಮಗಳು ಇವು:

1. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಅನೇಕ ಬಡಮನೆಗಳಿಗೂ ಅಡಿಗೆ ಅನಿಲ ಬಂದಿದೆ. ಆದರೂ ಸಿಲಿಂಡರಿನ ಬೆಲೆಗೆ ಅಂಜಿ ಸೌದೆಗೆ ಮರಳುವುದುಂಟು. ಬಚ್ಚಲ ಹಂಡೆಯ ಒಲೆಯಂತೂ ಉರಿಯುತ್ತಲೇ ಇರುತ್ತದೆ. ಅದರ ಹೊಗೆಯೂ ಲೆಕ್ಕಕ್ಕೆ ಸೇರುವುದೆಂಬುದನ್ನು ಮರೆಯಬಾರದು.

2. ನಾಲ್ಕೈದು ದನಗಳುಳ್ಳವರು ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿಸಬಹುದು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಬೆರಣಿಯಾಗಿ ಸುಟ್ಟರೆ ಸಗಣಿ ಬೂದಿಯಾಗುತ್ತದೆ. ಸ್ಥಾವರಕ್ಕೆ ಹಾಕಿದರೆ ಉರಿಯೂ ದೊರೆತು ಗೊಬ್ಬರವೂ ಉಳಿಯುತ್ತದೆ.

3. ಸೌದೆಯೇ ಗತಿಯಾದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಬಳಕೆಗೆ ತಂದ ಅಸ್ತ್ರ ಒಲೆಯಂತಹ, ಹೊಗೆಕೊಳವೆಯುಳ್ಳ ಒಲೆಯನ್ನು ಹಾಕಿಸಬೇಕು. ಕೊಳವೆಯ ಮಸಿಯನ್ನು ಆಗಾಗ್ಗೆ ತೆಗೆಯದಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಡಿಗೆಮನೆಗೆ ಎದುರುಬದುರಾಗಿ ಕಿಟಕಿಗಳಿರಲಿ, ಸೌದೆ ಚೆನ್ನಾಗಿ ಒಣಗಿರಲಿ. ಹಸುಗೂಸನ್ನು ಒಲೆಯ ಬಳಿ ಮಲಗಿಸಬಾರದು.

4. ಕಬ್ಬಿನ ತರಗನ್ನು ಸುಡದೆ ಸಾಲುಗಳ ನಡುವೆ ಹರಡಿದರೆ ತೇವವೂ ಉಳಿಯುವುದು, ಊರಿಗೆ ಹೊಗೆಯೂ ತಪ್ಪುವುದು.

5. ಹುಲ್ಲನ್ನು ಚೆನ್ನಾಗಿ ಒಣಗಿಸಿ ಮೆದೆ ಹಾಕಬೇಕು. ಬತ್ತ ತೂರುವಾಗ ಗಾಳಿಗೆ ಬೆನ್ನು ಕೊಟ್ಟು, ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು ಒಳಿತು.

ಹೊಸಮನೆ ಕಟ್ಟುವಾಗ ಪಡಸಾಲೆಗೂ ಮುಂಬಾಗಿಲಿಗೂ ವಹಿಸುವ ಶ್ರದ್ಧೆಯಲ್ಲಿ ಸ್ವಲ್ಪ ಭಾಗವನ್ನಾದರೂ ಅಡಿಗೆಮನೆಗೆ ವಹಿಸಬೇಕು. ಪಂಚಾಯಿತಿಯವರು ಊರಿನಲ್ಲಿ ಹೊಗೆಕೊಳವೆಯಿಲ್ಲದ ಒಲೆಗಳೆಷ್ಟು, ಬಹುಕಾಲದಿಂದ ಕೆಮ್ಮುವವರೆಷ್ಟು ಎಂಬುದನ್ನು ಗುರುತಿಸಿ, ಅಂಥವರನ್ನು ಊದುವ ಪರೀಕ್ಷೆಗಾಗಿ ಆಸ್ಪತ್ರೆಗೆ ಕಳುಹಿಸಿದರೆ ದೊಡ್ಡ ಉಪಕಾರವಾಗುವುದು. ಊರಿಗೆಲ್ಲ ಅನ್ನವಿಕ್ಕುವ ಕೈಗಳ ಉಸಿರನ್ನು ಕಾಯುವುದು ಊರಿನ ಹಿರಿಯರಿಗೆ ಸೇರಿದ ಕರ್ತವ್ಯವು.